ನಿಮ್ಮ ಮಗಳ 58, ಪಕ್ಕದ ಮನೆಯ ಹುಡುಗನ 91

(ಸಿಡ್ನಿಯಲ್ಲಿ ಕನ್ನಡ ಪೋಷಕರ ಒಂದು ಕೂಟದಲ್ಲಿ ಆಡಿದ ಮಾತು. ಧ್ವನಿಮುದ್ರಣದಿಂದ ಬರೆದುಕೊಂಡು ತಿದ್ದಿದ್ದು.)

ಹೋದ ತಿಂಗಳು ಟೂಂಗಾಬಿಯಲ್ಲಿ ಅಂಗಡಿಯ ಮುಂದೆ ಒಬ್ಬ ತಾಯಿ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಕರಿಬೇವು, ಕೊತ್ತಂಬರಿಯ ಚೀಲ. "ಸರ್, ನೀವು ಹನ್ನೆರಡನೇ ಕ್ಲಾಸಿಗೆ ಮ್ಯಾಥ್ಸ್ ಹೇಳಿಕೊಡ್ತೀರಂತೆ. ನಮ್ಮ ಹುಡುಗಿಗೆ ಮೊದಲ ಅಸೆಸ್‌ಮೆಂಟ್‌ನಲ್ಲಿ 58 ಬಂದಿದೆ. ಪಕ್ಕದ ಮನೆ ಹುಡುಗನಿಗೆ 91. ಅವನದು ಬೇರೆ ಶಾಲೆ. ಅರ್ಧ ಮಾರ್ಕ್ಸ್ ಶಾಲೆಯಿಂದಲೇ ಹೋಗೋದಲ್ವಾ? ಈಗಲೇ ಶಾಲೆ ಬದಲಾಯಿಸಿಬಿಡೋಣ್ವಾ?" ಅಂತ ಕೇಳಿದರು.

ಆ ಗಾಬರಿ ನನಗೆ ಹೊಸದಲ್ಲ. ನಿಮ್ಮಲ್ಲಿ ಎಷ್ಟೋ ಜನ ಫೋನ್ ಮಾಡಿ ಇದನ್ನೇ ಕೇಳಿದ್ದೀರಿ. ಅದಕ್ಕೇ ಇವತ್ತು ಇದೊಂದೇ ವಿಷಯ ಇಟ್ಟುಕೊಂಡು ಬಂದಿದ್ದೇನೆ. ಶಾಲೆ ಕೊಟ್ಟ ಅಂಕ ಎಚ್‌ಎಸ್‌ಸಿ, ಅಂದರೆ ಇಲ್ಲಿಯ ಹನ್ನೆರಡನೇ ಕ್ಲಾಸಿನ ಅಂತಿಮ ಅಂಕಪಟ್ಟಿಗೆ ಸೇರುವ ಮೊದಲು ಅದಕ್ಕೆ ಏನಾಗುತ್ತದೆ? ಇದು ಗೊತ್ತಾದರೆ ಮನೆಯಲ್ಲಿ ನೀವು ಮಕ್ಕಳ ಜೊತೆ ಮಾತಾಡುವ ರೀತಿಯೇ ಬದಲಾಗುತ್ತದೆ ಅಂತ ನನ್ನ ನಂಬಿಕೆ.

ಮೊದಲು ಗೊತ್ತಿರುವುದನ್ನು ಬೇಗ ಹೇಳಿಬಿಡುತ್ತೇನೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಹೆಚ್ಚಿನ ವಿಷಯಗಳಿಗೆ ಎಚ್‌ಎಸ್‌ಸಿ ಅಂಕ ಎರಡು ಭಾಗ. ಅರ್ಧ ಶಾಲೆಯ ಅಸೆಸ್‌ಮೆಂಟ್, ಅರ್ಧ ಅಕ್ಟೋಬರ್-ನವೆಂಬರ್‌ನ ಪಬ್ಲಿಕ್ ಪರೀಕ್ಷೆ. ಇದನ್ನೆಲ್ಲ ನಡೆಸುವುದು ನೆಸಾ ಅನ್ನುವ ಸರ್ಕಾರಿ ಸಂಸ್ಥೆ. ಮ್ಯಾಥ್ಸ್, ಇಂಗ್ಲಿಷ್‌ನಂಥ ವಿಷಯಗಳಿಗೆ ಹನ್ನೆರಡನೇ ವರ್ಷದಲ್ಲಿ ನಾಲ್ಕಕ್ಕಿಂತ ಜಾಸ್ತಿ ಅಸೆಸ್‌ಮೆಂಟ್ ಕೊಡುವ ಹಾಗಿಲ್ಲ. ಅದರಲ್ಲಿ ಒಂದು ಮಾತ್ರ ಪೂರ್ತಿ ಲಿಖಿತ ಪರೀಕ್ಷೆಯಾಗಬಹುದು. ನಾವೆಲ್ಲ ಟ್ರಯಲ್ ಅನ್ನುತ್ತೇವಲ್ಲ, ಅದು. ಅದಕ್ಕೂ ಶೇಕಡಾ 30ಕ್ಕಿಂತ ಹೆಚ್ಚು ತೂಕ ಇರಬಾರದು.

ಈಗ ಆ 58ಕ್ಕೆ ಬರೋಣ. ಆ ತಾಯಿಗೆ ನಾನು ಅಲ್ಲೇ ನಿಂತು ಹೇಳಿದ್ದು ಇಷ್ಟು: "ಅಮ್ಮಾ, ಆ 58 ಅಂಕಪಟ್ಟಿ ಮುಟ್ಟುವುದೇ ಇಲ್ಲ. ಆ ಹುಡುಗನ 91 ಕೂಡ ಮುಟ್ಟುವುದಿಲ್ಲ."

ಅವರು ನಂಬಲಿಲ್ಲ. ನೀವೂ ನಂಬುವುದು ಕಷ್ಟ, ಯಾಕಂದ್ರೆ ನಾವು ಬೆಳೆದದ್ದು ಬೇರೆ ಪದ್ಧತಿಯಲ್ಲಿ. ಅಲ್ಲಿ ಇಂಟರ್ನಲ್ ಅಂದರೆ ಮೇಷ್ಟ್ರು ಹಾಕಿದ ಅಂಕ. ಹಾಕಿದ್ದು ಹಾಗೇ ಕೂಡಿಕೊಳ್ಳುತ್ತಿತ್ತು.

ತಿಪಟೂರಿನ ಹತ್ತಿರ ನಮ್ಮ ಅಜ್ಜಿಯ ಮನೆ. ಅಲ್ಲಿ ಅಕ್ಕಪಕ್ಕದವರು ರಾಗಿ ಸಾಲ ಕೊಡುವುದು, ತರುವುದು ಇತ್ತು. ಅಜ್ಜಿ ಒಂದು ಮಾತು ಹೇಳುತ್ತಿದ್ದರು: "ಯಾವ ಸೇರಲ್ಲಿ ಅಳೆದು ತಂದ್ಯೋ ಅದೇ ಸೇರಲ್ಲಿ ಅಳೆದು ಕೊಡು." ಯಾಕೆ? ಒಂದೊಂದು ಮನೆಯ ಸೇರು ಒಂದೊಂದು ಥರ. ಒಂದು ನೆಗ್ಗಿದ್ದು, ಒಂದು ಬಾಯಿ ಅಗಲ. ಒಬ್ಬರು ತಲೆ ತುಂಬ ಅಳೆಯುತ್ತಾರೆ, ಇನ್ನೊಬ್ಬರು ಕೈಯಲ್ಲಿ ಸವರಿ ಸಮ ಮಾಡುತ್ತಾರೆ. ನಮ್ಮ ಮನೆಯ ಹತ್ತು ಸೇರು, ಅವರ ಮನೆಯ ಹತ್ತು ಸೇರು ಒಂದೇ ಅಲ್ಲ. ಮೋಸ ಅಂತ ಅಲ್ಲ, ಅಳತೆಯೇ ಬೇರೆ.

ಶಾಲೆಗಳೂ ಹೀಗೇ. ನನ್ನ ಶಾಲೆಯಲ್ಲಿ ಕಷ್ಟದ ಪೇಪರ್ ಕೊಡುತ್ತೇವೆ, 66 ಬಂದರೆ ಕ್ಲಾಸಿಗೇ ಮೊದಲು. ಇನ್ನೊಂದು ಶಾಲೆಯಲ್ಲಿ ಪುಸ್ತಕದ ಲೆಕ್ಕವನ್ನೇ ಕೇಳುತ್ತಾರೆ, 91 ಬಂದವನು ಇಪ್ಪತ್ತನೆಯವನು. ಈ ಎರಡು ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದರೆ ಎಲ್ಲ ಶಾಲೆಯ ಮಕ್ಕಳೂ ಒಂದು ತಕ್ಕಡಿ ಹತ್ತುತ್ತಾರೆ. ಅದು ಪಬ್ಲಿಕ್ ಪರೀಕ್ಷೆ. ಅದೇ ಪೇಪರ್, ಅದೇ ದಿನ, ಯಾರು ಅಂತ ಗೊತ್ತಿಲ್ಲದ ಮೌಲ್ಯಮಾಪಕರು. ಆ ತಕ್ಕಡಿಯ ತೂಕದಿಂದ ಪ್ರತಿ ಶಾಲೆಯ ಸೇರನ್ನು ಸರಿಮಾಡುವುದಕ್ಕೇ ಮಾಡರೇಷನ್ ಅನ್ನುತ್ತಾರೆ.

ಹೇಗೆ ಸರಿಮಾಡುತ್ತಾರೆ? ನೆಸಾ ಒಂದು ಶಾಲೆಯಲ್ಲಿ ಒಂದು ವಿಷಯ ತೆಗೆದುಕೊಂಡ ಎಲ್ಲ ಮಕ್ಕಳನ್ನು ಒಂದು ಗುಂಪು ಅಂತ ನೋಡುತ್ತದೆ. ಆ ಗುಂಪಿನ ಅಸೆಸ್‌ಮೆಂಟ್ ಅಂಕಗಳ ಸರಾಸರಿಯನ್ನು ಅದೇ ಗುಂಪಿನ ಪರೀಕ್ಷೆಯ ಸರಾಸರಿಗೆ ತರುತ್ತದೆ. ಅಸೆಸ್‌ಮೆಂಟ್‌ನಲ್ಲಿ ಮೊದಲು ಬಂದ ಮಗುವಿಗೆ, ಆ ಗುಂಪಿನಲ್ಲಿ ಯಾರೋ ಒಬ್ಬರು ಪರೀಕ್ಷೆಯಲ್ಲಿ ತೆಗೆದ ಅತಿ ಹೆಚ್ಚಿನ ಅಂಕ ಸಿಗುತ್ತದೆ. ಕೊನೆಯ ಮಗುವಿಗೆ, ಸಾಧ್ಯವಾದ ಮಟ್ಟಿಗೆ, ಆ ಗುಂಪು ಪರೀಕ್ಷೆಯಲ್ಲಿ ತೆಗೆದ ಅತಿ ಕಡಿಮೆ ಅಂಕ. ನಡುವಿನವರು ಶಾಲೆ ಕೊಟ್ಟ ಕ್ರಮದಲ್ಲೇ ನಿಲ್ಲುತ್ತಾರೆ. ಅವರ ನಡುವಿನ ಅಂತರವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಉಳಿಯುತ್ತದೆ. ಕ್ರಮವನ್ನು ನೆಸಾ ಮುಟ್ಟುವುದಿಲ್ಲ. ಅದು ಶಾಲೆಯ ಮಾತು. ಮೊತ್ತವನ್ನು ಶಾಲೆ ಹೇಳುವ ಹಾಗಿಲ್ಲ. ಅದು ಪರೀಕ್ಷೆಯ ಮಾತು.

ಬೋರ್ಡ್ ಮೇಲೆ ಬರೆಯುತ್ತೇನೆ, ನೋಡಿ. ಐದೇ ಮಕ್ಕಳ ಕ್ಲಾಸ್ ಅಂತ ಇಟ್ಟುಕೊಳ್ಳಿ. ಶಾಲೆ ಕೊಟ್ಟ ಅಂಕ ಕ್ರಮವಾಗಿ 95, 90, 80, 70, 65. ಸರಾಸರಿ 80. ಈಗ ಪರೀಕ್ಷೆ ಆಯಿತು. ಮೊದಲ ರ್ಯಾಂಕಿನ ಹುಡುಗಿಗೆ 80 ಬಂತು. ಎರಡನೆಯವನಿಗೆ 70. ಮೂರನೆಯವಳು ಚೆನ್ನಾಗಿ ಓದಿ 84 ತೆಗೆದಳು. ನಾಲ್ಕನೆಯವನಿಗೆ 54, ಐದನೆಯವನಿಗೆ 62. ಕೂಡಿ ನೋಡಿ, 350. ಸರಾಸರಿ 70. ಅಂದರೆ ಈ ಶಾಲೆಯ ಸೇರು ಸ್ವಲ್ಪ ತಲೆ ತುಂಬ ಅಳೆದಿದೆ.

ಮಾಡರೇಷನ್ ಆದ ಮೇಲೆ ಅಸೆಸ್‌ಮೆಂಟ್ ಅಂಕ ಹೀಗಾಗುತ್ತದೆ: 84, 80.3, 71.4, 60.3, 54. ಇದನ್ನೂ ಕೂಡಿ. ಅದೇ 350.

ಇಲ್ಲಿ ಒಂದು ನಿಮಿಷ ನಿಲ್ಲಿ. ಇವತ್ತು ನಾನು ಹೇಳಬೇಕಾದ್ದೆಲ್ಲ ಈ 350ರಲ್ಲೇ ಇದೆ. ಐದು ಮಕ್ಕಳು ಪರೀಕ್ಷೆ ಬರೆದು ಕಣದಲ್ಲಿ 350 ಅಂಕದ ಒಂದು ರಾಶಿ ಹಾಕಿದರು. ಅದೇ ರಾಶಿಯನ್ನು ಮತ್ತೆ ಒಂದು ಸಲ ಹಂಚುತ್ತಾರೆ, ಈ ಸಲ ಶಾಲೆಯ ಕ್ರಮದಲ್ಲಿ. ಮೂರನೇ ರ್ಯಾಂಕಿನ ಹುಡುಗಿ ತೆಗೆದ 84 ಅವಳ ಪರೀಕ್ಷೆಯ ಅಂಕವಾಗಿ ಅವಳಿಗೇ ಇರುತ್ತದೆ. ಅಸೆಸ್‌ಮೆಂಟ್ ಕಡೆಗೆ ಆ 84 ಮೊದಲ ರ್ಯಾಂಕಿನವಳಿಗೆ ಹೋಗುತ್ತದೆ. ಇವಳಿಗೆ 71.4. ಎರಡನ್ನೂ ಸೇರಿಸಿ ಅರ್ಧ ಮಾಡಿದರೆ ಇವಳಿಗೆ 77.7, ಮೊದಲನೆಯವಳಿಗೆ 82. ಆಮೇಲೆ ಈ ಅಂಕಗಳನ್ನು ಬ್ಯಾಂಡ್‌ಗಳಿಗೆ, ಅಂದರೆ ಸಾಧನೆಯ ಮಟ್ಟಗಳಿಗೆ, ಹೊಂದಿಸುವ ಇನ್ನೊಂದು ಹಂತ ಇದೆ. ಯೂನಿವರ್ಸಿಟಿ ಸೀಟಿಗೆ ನೋಡುವ ಏಟಾರ್ ರ್ಯಾಂಕ್ ಅಂತೂ ಬೇರೆಯೇ ಲೆಕ್ಕ, ಅದನ್ನು ಮಾಡುವ ಸಂಸ್ಥೆಯೂ ಬೇರೆ. ಇವತ್ತು ಅದಕ್ಕೆ ಕೈ ಹಾಕುವುದಿಲ್ಲ.

ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ, ಕೆಲವರಿಗೆ ಇದು ಅನ್ಯಾಯ ಅನ್ನಿಸಿದೆ. "ಅವಳು ದುಡಿದದ್ದು ಇನ್ನೊಬ್ಬಳಿಗಾ?" ಅಂತ. ಆದರೆ ಮೊದಲ ರ್ಯಾಂಕಿನವಳು ವರ್ಷಪೂರ್ತಿ ಆ ಜಾಗ ಉಳಿಸಿಕೊಂಡಿದ್ದಳು. ಒಂದು ದಿನದ ಪರೀಕ್ಷೆ ಆ ವರ್ಷವನ್ನು ಅಳಿಸಬಾರದು. ಅದಕ್ಕೇ ಅರ್ಧ ಅಂಕ ಅವಳ ಆ ದಿನಕ್ಕೆ ಅಂಟಿಕೊಂಡಿಲ್ಲ. ಹನ್ನೆರಡನೇ ಕ್ಲಾಸಿನ ಮಕ್ಕಳ ಜೊತೆ ಇದ್ದು ಹೇಳುತ್ತೇನೆ, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದ ಮಗುವನ್ನು ಈ ಪದ್ಧತಿ ಸ್ವಲ್ಪವಾದರೂ ಕೈ ಹಿಡಿಯುತ್ತದೆ.

ಈಗ ನನಗೆ ನಿಜವಾಗಿ ಬೇಸರ ತರುವ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ನನ್ನ ಕ್ಲಾಸಿನ ಮಕ್ಕಳು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಒಬ್ಬ ಹುಡುಗ ತುಂಬ ಅಚ್ಚುಕಟ್ಟಾಗಿ ನೋಟ್ಸ್ ಬರೆಯುತ್ತಿದ್ದ, ಎಲ್ಲರಿಗೂ ಕಳಿಸುತ್ತಿದ್ದ. ಒಂದು ದಿನ ನಿಲ್ಲಿಸಿದ. ಕೇಳಿದರೆ ತಲೆ ತಗ್ಗಿಸಿ ಹೇಳಿದ, "ಮನೆಯಲ್ಲಿ ಬೇಡ ಅಂದ್ರು ಸರ್. ನನ್ನ ರ್ಯಾಂಕ್ ಹೋಗುತ್ತಂತೆ." ನಮ್ಮ ಕಡೆಯ ಮನೆಯೇ. ಹೆಸರು ಬೇಡ.

ಆ ಅಪ್ಪ-ಅಮ್ಮನ ಮನಸ್ಸು ನನಗೆ ಅರ್ಥವಾಗುತ್ತದೆ. ನಾವೆಲ್ಲ ಸಿಇಟಿ ಕಾಲದವರು. ಒಂದು ಸೀಟು, ಸಾವಿರ ಜನ. ಆದರೆ ಇಲ್ಲಿಯ ಲೆಕ್ಕ ನೋಡಿ. ಪಕ್ಕದಲ್ಲಿ ಕೂತ ಹುಡುಗಿ ಪರೀಕ್ಷೆಯಲ್ಲಿ ಹತ್ತು ಅಂಕ ಜಾಸ್ತಿ ತೆಗೆದರೆ ರಾಶಿ ಹತ್ತು ಅಂಕ ದೊಡ್ಡದಾಗುತ್ತದೆ. ಆ ರಾಶಿಯಲ್ಲಿ ನಿಮ್ಮ ಮಗನಿಗೂ ಪಾಲಿದೆ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಕಡಿಮೆ ತೆಗೆದ ಮಗು 54ರ ಬದಲು 64 ತೆಗೆದರೆ ಏಣಿಯ ಕೆಳಗಿನ ಮೆಟ್ಟಿಲೇ ಮೇಲಕ್ಕೆ ಬರುತ್ತದೆ. ರ್ಯಾಂಕ್ ನಿರ್ಧಾರವಾಗುವವರೆಗೆ ಸ್ಪರ್ಧೆ ಇದೆ, ಅದನ್ನು ಇಲ್ಲ ಅನ್ನಲಾರೆ. ಆದರೆ ಟ್ರಯಲ್ ಮುಗಿದು ಶಾಲೆ ಅಂಕ ಕಳಿಸಿದ ಮೇಲೆ ಕ್ರಮ ಗಟ್ಟಿಯಾಯಿತು. ಅಲ್ಲಿಂದಾಚೆಗೆ ಕ್ಲಾಸಿನ ಪ್ರತಿಯೊಬ್ಬರೂ ಒಂದೇ ಕಣದಲ್ಲಿ ಒಕ್ಕುವವರು. ಆ ವಾರಗಳಲ್ಲಿ ನೋಟ್ಸ್ ಬಚ್ಚಿಡುವ ಮಗು ತನ್ನ ಪಾಲನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ದಯವಿಟ್ಟು ಮನೆಯಲ್ಲಿ ಇದನ್ನು ಹೇಳಿ.

ಆ ತಾಯಿ ಆಮೇಲೆ ಶಾಲೆಗೆ ಹೋಗಿ ಕೇಳಿದರು. 58 ಅಂದರೆ ಇಪ್ಪತ್ನಾಲ್ಕು ಮಕ್ಕಳಲ್ಲಿ ಮೂರನೇ ಸ್ಥಾನ. ನೀವು ಮನೆಯಲ್ಲಿ "ಎಷ್ಟು ಬಂತು?" ಅಂತ ಕೇಳುತ್ತೀರಲ್ಲ, ಅದರ ಬದಲು ಎರಡು ವಿಷಯ ಕೇಳಿ. ಎಷ್ಟನೇ ಜಾಗ? ಮುಂದಿನವರಿಗೂ ನಿನಗೂ ಅಂತರ ಎಷ್ಟು? ಅಂತರ ಬಹಳ ಮುಖ್ಯ. ಎಂಟನೇ ರ್ಯಾಂಕಿನಿಂದ ಹದಿನಾಲ್ಕನೇ ರ್ಯಾಂಕಿಗೆ ಇಳಿದಳು ಅಂತ ಒಂದು ಮನೆಯಲ್ಲಿ ಎರಡು ದಿನ ಮಾತಿಲ್ಲ. ನೋಡಿದರೆ ಆ ಏಳು ಮಕ್ಕಳ ನಡುವೆ ಒಟ್ಟು ಒಂದೂವರೆ ಅಂಕ. ಮಾಡರೇಷನ್ ಆದ ಮೇಲೂ ಅವರೆಲ್ಲ ಒಟ್ಟಿಗೇ ಇರುತ್ತಾರೆ.

ಪ್ರವೇಶ ಪರೀಕ್ಷೆಯಿಂದ ಮಕ್ಕಳನ್ನು ಆರಿಸುವ ಸೆಲೆಕ್ಟಿವ್ ಶಾಲೆಯ ಪೋಷಕರು ಇಲ್ಲಿದ್ದೀರಿ, ಕೈ ಎತ್ತಿದಿರಿ. ನಿಮ್ಮ ಚಿಂತೆ ಗೊತ್ತು. "ಅಲ್ಲಿ ಎಲ್ಲರೂ ಬುದ್ಧಿವಂತರು, ನಮ್ಮವನು ಎಂಬತ್ತನೆಯವನು." ಗುಂಪಿನ ಪರೀಕ್ಷೆಯ ಸರಾಸರಿ ಮೇಲಿದ್ದರೆ ಎಂಬತ್ತನೆಯವನ ಅಂಕವೂ ಮೇಲೇ ಇರುತ್ತದೆ. ಹಾಗೆಯೇ ಸಾಧಾರಣ ಶಾಲೆಯಲ್ಲಿ ಮೊದಲ ರ್ಯಾಂಕಿನ ಮಗು ಪರೀಕ್ಷೆಯಲ್ಲೂ ತಾನೇ ಮೊದಲು ಬಂದರೆ, ಅವಳ ಅಸೆಸ್‌ಮೆಂಟ್ ಅವಳ ಪರೀಕ್ಷೆಯ ಅಂಕವೇ. ಶಾಲೆಯ ಹೆಸರು ಅವಳನ್ನು ಕೆಳಗೆ ಎಳೆಯುವುದಿಲ್ಲ. ಅಂಕಕ್ಕೋಸ್ಕರ ಹನ್ನೊಂದನೇ ಕ್ಲಾಸಿನಲ್ಲಿ ಶಾಲೆ ಬದಲಾಯಿಸಬೇಡಿ.

ಇಷ್ಟು ಹೊಗಳಿದ ಮೇಲೆ ಇದರ ಭಾರ ಯಾರ ಮೇಲೆ ಬೀಳುತ್ತದೆ ಅಂತಲೂ ಹೇಳಬೇಕು. ಮೇಷ್ಟ್ರ ಮೇಲೆ. ಮೊತ್ತವನ್ನು ನೆಸಾ ಸರಿಮಾಡುತ್ತದೆ, ಕ್ರಮವನ್ನು ಯಾರೂ ಸರಿಮಾಡುವುದಿಲ್ಲ. ನಾನು ಹೊಸದಾಗಿ ಸೇರಿದ ವರ್ಷ ಮಕ್ಕಳಿಗೆ ಧೈರ್ಯ ಬರಲಿ ಅಂತ ಮೊದಲ ಅಸೆಸ್‌ಮೆಂಟ್ ತುಂಬ ಸುಲಭ ಮಾಡಿದೆ. ಎಲ್ಲರಿಗೂ 90ರ ಮೇಲೆ ಬಂತು. ಮಕ್ಕಳು ಖುಷಿ, ಪೋಷಕರು ಖುಷಿ. ಆದರೆ ಆ ಪೇಪರ್‌ನಲ್ಲಿ ರ್ಯಾಂಕ್ ನಿರ್ಧಾರವಾದದ್ದು ಗಣಿತ ಬಲ್ಲವರು ಯಾರು ಅಂತಲ್ಲ, ಒಂದು ಮೈನಸ್ ಚಿಹ್ನೆ ಮರೆತವರು ಯಾರು ಅಂತ. ವಿಷಯ ಚೆನ್ನಾಗಿ ಗೊತ್ತಿದ್ದ ಒಂದು ಹುಡುಗಿ ಹದಿನೈದನೆಯವಳಾದಳು. ಅಂತರಗಳಿಗೆ ಅರ್ಥವೇ ಇರಲಿಲ್ಲ. ಆ ತಪ್ಪು ಈಗಲೂ ನೆನಪಾಗುತ್ತದೆ. ಪೇಪರ್ ಕಷ್ಟ ಬಂತು ಅಂತ ನೀವು ಶಾಲೆಗೆ ದೂರು ಕೊಡುವ ಮೊದಲು ಇದನ್ನು ಯೋಚಿಸಿ. ಕಷ್ಟದ ಪೇಪರ್ ನಿಮ್ಮ ಮಗುವಿನ ಅಂಕ ಕದಿಯುವುದಿಲ್ಲ. ಅದು ಮಕ್ಕಳನ್ನು ಸರಿಯಾಗಿ ಬಿಡಿಸಿ ನಿಲ್ಲಿಸುತ್ತದೆ.

ಇನ್ನೊಂದು ಕೊರತೆ. ಇಂಗ್ಲಿಷ್‌ನಲ್ಲಿ ಮಾತಾಡಿ ತೋರಿಸುವುದು, ಸೈನ್ಸ್‌ನಲ್ಲಿ ತಾವೇ ಪ್ರಯೋಗ ಮಾಡಿ ಬರೆಯುವುದು, ಇವೆಲ್ಲ ಅಸೆಸ್‌ಮೆಂಟ್‌ನಲ್ಲಿ ಇವೆ. ಮೂರು ಗಂಟೆಯ ಪರೀಕ್ಷೆ ಅಳೆಯಲಾರದ್ದನ್ನು ಅಳೆಯಲೆಂದೇ ಅವನ್ನು ಇಟ್ಟಿದ್ದು. ಆದರೂ ಕೊನೆಗೆ ಅವುಗಳ ಬೆಲೆ ನಿಲ್ಲುವುದು ಆ ಮೂರು ಗಂಟೆಯ ಮೇಲೆ. ಇದಕ್ಕೆ ಉತ್ತರ ಹುಡುಕಿದ ರಾಜ್ಯ ಇದೇ ದೇಶದಲ್ಲಿದೆ. ಕ್ವೀನ್ಸ್‌ಲ್ಯಾಂಡ್ 1972ರ ನಂತರ ಪಬ್ಲಿಕ್ ಪರೀಕ್ಷೆಯನ್ನೇ ತೆಗೆದುಹಾಕಿತ್ತು. ಬೇರೆ ಬೇರೆ ಶಾಲೆಯ ಮೇಷ್ಟ್ರುಗಳು ಒಟ್ಟಿಗೆ ಕೂತು ಮಕ್ಕಳ ಉತ್ತರಗಳನ್ನೇ ಕೈಯಲ್ಲಿ ಹಿಡಿದು, ಇದು ಎಷ್ಟು ಬೆಲೆ ಬಾಳುತ್ತದೆ ಅಂತ ಚರ್ಚೆ ಮಾಡಿ ಒಪ್ಪಿಕೊಳ್ಳುತ್ತಿದ್ದರು. ಸುಮಾರು ಐವತ್ತು ವರ್ಷ ಹಾಗೆ ನಡೆಯಿತು. 2020ರಿಂದ ಅಲ್ಲೂ ಪಬ್ಲಿಕ್ ಪರೀಕ್ಷೆ ವಾಪಸ್ ಬಂದಿದೆ. ಆ ಹಳೆಯ ಪದ್ಧತಿಯ ಬಗ್ಗೆ ನನಗೆ ತುಂಬ ಗೌರವ ಇದೆ. ಒಬ್ಬ ಮೇಷ್ಟ್ರು ಇನ್ನೊಬ್ಬ ಮೇಷ್ಟ್ರ ಎದುರು ತಾನು ಕೊಟ್ಟ ಅಂಕಕ್ಕೆ ಕಾರಣ ಹೇಳಬೇಕಾಗುವುದು ದೊಡ್ಡ ಪಾಠ.

ಆದರೆ ತಕ್ಕಡಿಯೇ ಇಲ್ಲದೆ ಸರಿಮಾಡಲು ಹೋದರೆ ಏನಾಗುತ್ತದೆ ಅಂತ 2020ರಲ್ಲಿ ಇಂಗ್ಲೆಂಡ್ ತೋರಿಸಿತು. ಕೋವಿಡ್‌ನಿಂದ ಆ ವರ್ಷ ಎ-ಲೆವೆಲ್, ಅಂದರೆ ಅಲ್ಲಿ ಶಾಲೆ ಮುಗಿಸುವಾಗ ಬರೆಯುವ ಪರೀಕ್ಷೆ ನಡೆಯಲಿಲ್ಲ. ಮೇಷ್ಟ್ರುಗಳು ಗ್ರೇಡ್ ಮತ್ತು ಕ್ರಮ ಕಳಿಸಿದರು. ಆಫ್‌ಕ್ವಾಲ್ ಅನ್ನುವ ನಿಯಂತ್ರಣ ಸಂಸ್ಥೆ ಆ ಕ್ರಮವನ್ನು ಇಟ್ಟುಕೊಂಡು, ಅದೇ ಶಾಲೆಯ ಹಿಂದಿನ ವರ್ಷಗಳ ಮಕ್ಕಳ ಫಲಿತಾಂಶಕ್ಕೆ ಹೊಂದಿಸಿತು. ಆಗಸ್ಟ್ 13ಕ್ಕೆ ಫಲಿತಾಂಶ ಬಂತು. ಮೇಷ್ಟ್ರು ಕೊಟ್ಟದ್ದಕ್ಕಿಂತ ಕೆಳಗೆ ಇಳಿದ ಗ್ರೇಡ್‌ಗಳು ಶೇಕಡಾ 39ರಷ್ಟು. ತೀರಾ ಚಿಕ್ಕ ಕ್ಲಾಸುಗಳಲ್ಲಿ ಮಾತ್ರ ಮೇಷ್ಟ್ರ ಗ್ರೇಡ್ ಹಾಗೇ ಉಳಿಯಿತು. ಅಂಥ ಚಿಕ್ಕ ಕ್ಲಾಸು ಇರುವುದು ಹೆಚ್ಚಾಗಿ ಫೀಸು ಕಟ್ಟುವ ಖಾಸಗಿ ಶಾಲೆಗಳಲ್ಲಿ. ಮಕ್ಕಳು ಬೀದಿಗೆ ಬಂದರು. ನಾಲ್ಕೇ ದಿನಕ್ಕೆ, ಆಗಸ್ಟ್ 17ಕ್ಕೆ, ಸರ್ಕಾರ ಅದನ್ನು ಹಿಂತೆಗೆದುಕೊಂಡಿತು.

ಇಲ್ಲಿ ವ್ಯತ್ಯಾಸ ಗಮನಿಸಿ. ಸಿಡ್ನಿಯಲ್ಲಿ ನಿಮ್ಮ ಮಗುವಿನ ಅಂಕ ನಿಲ್ಲುವುದು ಅವಳ ಜೊತೆ ಕೂತು ಬರೆದ ಮಕ್ಕಳ ಮೇಲೆ. ಅಲ್ಲಿ ನಿಂತದ್ದು ತಾನು ನೋಡದ ಹಿಂದಿನ ವರ್ಷದವರ ಮೇಲೆ. ಬಡ ಶಾಲೆಯಲ್ಲಿ ಹುಟ್ಟಿಬಂದ ಒಬ್ಬ ಜಾಣ ಹುಡುಗನಿಗೆ ಹಿಂದಿನವರು ಹಾಕಿದ ಗೆರೆ ದಾಟುವುದು ತೀರಾ ಕಷ್ಟವಾಗಿತ್ತು. ಅದೇ 2020ರಲ್ಲಿ ನಮ್ಮಲ್ಲಿ ಪರೀಕ್ಷೆ ನಡೆಯಿತು. 2021ರಲ್ಲಿ ತಡವಾದರೂ ನವೆಂಬರ್ 9ಕ್ಕೆ ಶುರು ಮಾಡಿದರು. ಯಾಕೆ ಅಷ್ಟು ಹಟ ಹಿಡಿದರು ಅಂತ ಆಗ ಎಷ್ಟೋ ಜನ ಬೈದಿರಿ. ತಕ್ಕಡಿ ಇಲ್ಲದಿದ್ದರೆ ಆ ಇನ್ನರ್ಧ ಅಂಕಕ್ಕೂ ನೆಲೆ ಇರುತ್ತಿರಲಿಲ್ಲ.

ಊರಿನ ವಿಷಯ ಬರಲೇಬೇಕಲ್ಲ. ನಿಮ್ಮ ಅಣ್ಣ-ತಮ್ಮಂದಿರ ಮಕ್ಕಳು ಅಲ್ಲಿ ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದಾರೆ. ಒಟ್ಟು 625 ಅಂಕ. ಮೊದಲ ಭಾಷೆಗೆ 100 ಮತ್ತು 25, ಉಳಿದವಕ್ಕೆ 80 ಮತ್ತು 20. ಆ 20, 25 ಶಾಲೆಯ ಕೈಯಲ್ಲಿ. 2023-24ರಿಂದ ಪ್ರಾಕ್ಟಿಕಲ್ ಇಲ್ಲದ ಪಿಯುಸಿ ವಿಷಯಗಳಿಗೂ 20 ಇಂಟರ್ನಲ್ ಬಂದಿದೆ. ಪರೀಕ್ಷೆಯ ಅಂಕ ನೋಡಿ ಈ ಇಂಟರ್ನಲ್ ಅನ್ನು ಸರಿಮಾಡುವ ಲೆಕ್ಕ ಅಲ್ಲಿಲ್ಲ. ಶಾಲೆ ಕೊಟ್ಟದ್ದು ನೇರವಾಗಿ ಕೂಡಿಕೊಳ್ಳುತ್ತದೆ. ನಮ್ಮ ಅಣ್ಣನ ಮಗನಿಗೆ ಒಂದು ವಿಷಯದಲ್ಲಿ ಇಂಟರ್ನಲ್ 20ಕ್ಕೆ 20, ಪರೀಕ್ಷೆಯಲ್ಲಿ 80ಕ್ಕೆ 31. ಅವನ ಕ್ಲಾಸಿನಲ್ಲಿ ಎಲ್ಲರಿಗೂ 19 ಅಥವಾ 20. ಅಣ್ಣ ಬೈದದ್ದು ಹುಡುಗನನ್ನು. ನನಗೆ ಬೇಜಾರಾದದ್ದು ಆ 20 ನೋಡಿ. ವರ್ಷವಿಡೀ "ನೀನು ಪೂರ್ತಿ ಸರಿ ಇದ್ದೀಯ" ಅಂತ ಅದು ಅವನಿಗೆ ಹೇಳುತ್ತಿತ್ತು. ಸಹಾಯ ಬೇಕಿದ್ದ ಹುಡುಗನ ಕಷ್ಟ ಮುಚ್ಚಿಹೋಯಿತು. ಮೇಷ್ಟ್ರನ್ನೂ ದೂರಲಾರೆ. ಪಕ್ಕದ ಶಾಲೆ 20 ಕೊಡುವಾಗ ತಾನೊಬ್ಬ 13 ಕೊಟ್ಟರೆ ತನ್ನ ಮಕ್ಕಳಿಗೇ ನಷ್ಟ.

ಹಾಗಾದರೆ ಇಲ್ಲಿಯ ಮಾಡರೇಷನ್ ಅಲ್ಲಿಗೆ ಒಯ್ಯೋಣವಾ? ಸುಮ್ನೆ ಒಯ್ದರೆ ಆಗುವುದಿಲ್ಲ. ತಕ್ಕಡಿ ಮೊದಲು ಸರಿಯಿರಬೇಕು. 2024ರಲ್ಲಿ ಎಸ್ಸೆಸ್ಸೆಲ್ಸಿ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಹಾಕಿ ನಕಲು ತಡೆದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ಪಾಸ್ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ನಕಲು ನಡೆಯುವ ಪರೀಕ್ಷೆಗೆ ಶಾಲೆಯ ಅಂಕ ಹೊಂದಿಸಿದರೆ ನಕಲಿಗೆ ಎರಡು ಸಲ ಬಹುಮಾನ ಕೊಟ್ಟ ಹಾಗೆ. ಅದಕ್ಕೇ ಆ ವೆಬ್‌ಕಾಸ್ಟಿಂಗ್ ಸರಿಯಾದ ಮೊದಲ ಹೆಜ್ಜೆ ಅಂತ ನನ್ನ ಅಭಿಪ್ರಾಯ, ಫಲಿತಾಂಶ ಕುಸಿದರೂ.

ನೀವು ಕೇಳಿದ ಪ್ರಶ್ನೆಗಳಿಗೆ ಬರುತ್ತೇನೆ. ಕ್ಲಾಸಿನಲ್ಲಿ ಒಬ್ಬನಿಗೆ ಪರೀಕ್ಷೆಯ ದಿನ ಜ್ವರ ಬಂದು ಪೂರ್ತಿ ಕೆಟ್ಟರೆ ಎಲ್ಲರ ಸರಾಸರಿ ಇಳಿಯುತ್ತದಾ? ಅಸೆಸ್‌ಮೆಂಟ್‌ಗೂ ಪರೀಕ್ಷೆಗೂ ತೀರಾ ಹೊಂದದ ಅಂಕ ಬಂದವರನ್ನು ನೆಸಾ ಗುರುತಿಸಿ ಆ ಲೆಕ್ಕದಿಂದ ಹೊರಗಿಡುತ್ತದೆ. ಹುಷಾರಿಲ್ಲದಿದ್ದರೆ ಅರ್ಜಿ ಹಾಕುವ ದಾರಿಯೂ ಇದೆ, ಬಿಡಬೇಡಿ. ತಮಿಳು, ಹಿಂದಿಯಂಥ ವಿಷಯವನ್ನು ಇಡೀ ಶಾಲೆಯಲ್ಲಿ ಒಬ್ಬಳೇ ತೆಗೆದುಕೊಂಡರೆ? ಆಗ ಅವಳ ಪರೀಕ್ಷೆಯ ಅಂಕವೇ ಅಸೆಸ್‌ಮೆಂಟ್ ಅಂಕವೂ ಆಗುತ್ತದೆ. ರ್ಯಾಂಕ್ ತಪ್ಪಾಗಿದೆ ಅನ್ನಿಸಿದರೆ? ಕೊನೆಯ ಪರೀಕ್ಷೆ ಮುಗಿದ ಮೇಲೆ ಮಕ್ಕಳು ತಮ್ಮ ರ್ಯಾಂಕ್ ನೋಡಬಹುದು, ಶಾಲೆಗೆ ಮರುಪರಿಶೀಲನೆ ಕೇಳಬಹುದು.

ಹಿಂದೆ ಕೂತ ಹಿರಿಯರು ಕೇಳಿದರು, "ಹಾಗಾದ್ರೆ ಕೊನೇ ರ್ಯಾಂಕಿನ ಮಗುವಿನ ಗತಿ ಏನಪ್ಪಾ?" ಒಳ್ಳೆಯ ಪ್ರಶ್ನೆ ಯಜಮಾನ್ರೇ, ಯಾರೂ ಕೇಳುವುದಿಲ್ಲ. ಬೋರ್ಡ್ ಮೇಲಿನ ಐದನೆಯವನನ್ನು ನೋಡಿ. ಪರೀಕ್ಷೆಯಲ್ಲಿ 62 ತೆಗೆದ, ಆದರೂ ಅಸೆಸ್‌ಮೆಂಟ್ 54. ಅವನಿಗೆ ನೋವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ 62 ಅವನದೇ, ಅದನ್ನು ಯಾರೂ ಮುಟ್ಟುವುದಿಲ್ಲ. ಒಟ್ಟಿನಲ್ಲಿ ಅವನಿಗೆ 58 ಬಂತು, ನಾಲ್ಕನೆಯವನಿಗೆ 57. ಕೊನೆಯ ಜಾಗದಿಂದ ಅವನು ಮೇಲೆ ಬಂದಾಗಿದೆ. ಟ್ರಯಲ್ ಪೇಪರ್ ವಾಪಸ್ ಕೊಡುವ ದಿನ ನಾನು ಮೊದಲು ಹೋಗಿ ಕೂರುವುದು ಆ ಮಗುವಿನ ಡೆಸ್ಕ್ ಹತ್ತಿರ. ಪರೀಕ್ಷೆಗೆ ಆಗ ಇನ್ನೂ ಎಂಟು-ಹತ್ತು ವಾರ ಇರುತ್ತದೆ.